ಬಾಗಿಲಲ್ಲಿ ನಿಂತವಳು

ಡೊಂಬಿವಲಿಯ ಏಳು ನಲವತ್ತೆರಡರ ಫಾಸ್ಟ್ ಲೋಕಲ್ಲು,
ಹೆಂಗಸರ ಡಬ್ಬಿ. ನಡುಗಂಬಕ್ಕೆ ಬೆನ್ನು ಕೊಟ್ಟು
ಹನ್ನೊಂದು ವರ್ಷದಿಂದ ಅಲ್ಲೇ ನಿಂತವಳು
ಶಶಿಕಲಾ ಕೋಳಂಬಕರ್, ಭಾಯಖಳಾದ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು.
‘ಪುಢೇ ಚಲಾ’ ಎಂದರೆ ಸರಿಯುವ ಪೈಕಿಯಲ್ಲ.
ಸ್ಟೇಷನ್ ಬರಬೇಕು,
ಒಳಗಿನಿಂದ ಮೊಳಕೈಗಳೆಲ್ಲ ಒಟ್ಟಿಗೆ ನೂಕಬೇಕು,
ಆಗ ಹಾರಿ ಇಳಿದು, ಬೈದು, ದಾರಿ ಬಿಟ್ಟಾಳು.

ಪರೇಲಿನ ಲ್ಯಾಬಿಗೆ ಹೊಸದಾಗಿ ಸೇರಿದಾಗ
ನನಗೆ ಮ್ಯಾಗ್ನೀಸಿಯಂ ಅರ್ಥವಾದದ್ದು ಇವಳಿಂದ.
ನರಕೋಶದ ಗೋಡೆಯಲ್ಲೂ ಇಂಥದೊಂದು ಬಾಗಿಲು.
ಗ್ಲುಟಮೇಟ್ ಬಂದು, ಗ್ಲೈಸಿನ್ ಜೊತೆಗೂಡಿ, ಚಿಲಕ ತೆಗೆದರೂ
ಗಂಟಲಲ್ಲಿ ಒಬ್ಬಳು ನಿಂತಿರುತ್ತಾಳೆ,
ಒಳಗಿನ ನೂಕು ಬೀಳದೆ ಕದಲಳು.
ಆ ನೂಕು ಹುಟ್ಟುವುದು ಪಕ್ಕದ ಆಂಪಾ ಬಾಗಿಲಲ್ಲಿ,
ಅದೊಂದು ಆತುರಗೇಡಿ:
ಕರೆದೊಡನೆ ತೆರೆದು ರೆಪ್ಪೆ ಬಡಿಯುವ ಮೊದಲೇ ಮುಚ್ಚುತ್ತದೆ.
ಎರಡೂ ಒಂದೇ ಗಳಿಗೆಗೆ ಕೂಡಿದರೆ
ಕ್ಯಾಲ್ಸಿಯಂ ಒಳನುಗ್ಗುತ್ತದೆ.
ಆ ನುಗ್ಗಿನ ಇನ್ನೊಂದು ಹೆಸರು ನೆನಪು
ಎನ್ನುತ್ತಾರೆ ನಮ್ಮ ಮೇಡಂ. ಇದ್ದೀತು.

ನನ್ನ ಸಂಬಳ ಅಡ್ಡಿಪಡಿಸುವುದಕ್ಕೆ.
ಹಪ್ಪಳದಷ್ಟು ತೆಳು ಇಲಿಯ ಮಿದುಳಿನ ಚೂರು,
ಆಕ್ಸಿಜನ್ನಿನ ಗುಳ್ಳೆ, ಕೂದಲಿಗಿಂತ ಸಣ್ಣ ಗಾಜಿನ ಮೂತಿ.
ಒಂದು ಬಾಟಲಿಯದು
ಗ್ಲುಟಮೇಟ್ ಕೂರುವ ಸೀಟಿಗೇ ಕರ್ಚೀಫು ಹಾಕುತ್ತದೆ.
ಇನ್ನೊಂದು, ತೆರೆದ ಬಾಗಿಲಲ್ಲಿ ನುಗ್ಗಿ
ಕದ ಬಿದ್ದ ಮೇಲೂ ಒಳಗೇ ಸಿಕ್ಕಿಕೊಳ್ಳುತ್ತದೆ,
ಗಂಟೆಗಟ್ಟಲೆ ತೊಳೆದರೂ ಹೊರಡದು.
ಎರಡು-ಬಿ ಎಂಬ ಉಪಜಾತಿಯನ್ನಷ್ಟೇ
ಸಾಲಿನಲ್ಲಿ ಗುರುತು ಹಿಡಿದು ಕಿವಿ ಹಿಂಡುವುದೂ ಒಂದುಂಟು.
ಪರದೆಯ ಗೆರೆ ಚಪ್ಪಟೆಯಾದರೆ
ಗೆದ್ದೆವೆಂದು ಚಹಾ ಕುಡಿಯಲು ಹೋಗುತ್ತೇವೆ.

ಹೋದ ತಿಂಗಳು, ಕುರ್ಲಾ ದಾಟಿತ್ತು,
ನನ್ನ ತೋಳು ಹಿಡಿದು ಕೇಳಿದಳು:
‘ನಾನು ಇಳಿಯೋದು ಎಲ್ಲಿ?’
ನಾನು ನಕ್ಕುಬಿಟ್ಟೆ.

ನಿನ್ನೆ ಪರ್ಸಿನಿಂದ ಮಾತ್ರೆಯ ಪಟ್ಟಿ ತೆಗೆದಳು.
ಮೆಮಾಂಟಿನ್. ಹತ್ತು ಮಿಲಿಗ್ರಾಂ.
ಕನ್ನಡಕ ಏರಿಸಿ, ಹಿಂದಿನ ಸಣ್ಣಕ್ಷರದಲ್ಲಿ
ಒಂದು ಕಾಮಾ ತಪ್ಪಿದೆ ಎಂದು ಉಗುರಿನಿಂದ ತೋರಿಸಿ,
‘ಏನು ಮಾಡುತ್ತೆ ಇದು?’

ಬಾಗಿಲಲ್ಲಿ ನಿಲ್ಲುತ್ತೆ, ಎಂದೆ. ಗಟ್ಟಿಯಾಗಿ ಅಲ್ಲ.
ಸುಮ್ಮನೆ ದಿನವಿಡೀ ಸೋರುವುದನ್ನು ತಡೆಯುತ್ತೆ.
ಜೋರು ನೂಕು ಬಿದ್ದರೆ ತಟ್ಟನೆ ಇಳಿದು,
ಮಂದಿ ದಾಟಿದ ಮೇಲೆ ಮತ್ತೆ ಹತ್ತುತ್ತೆ.
‘ಅಂದರೆ ನನ್ನ ಹಾಗೆ.’
ನಿಮ್ಮ ಹಾಗೇ.
‘ಹೋದದ್ದನ್ನ ತಂದುಕೊಡುತ್ತಾ?’

ಅಷ್ಟರಲ್ಲಿ ಘಾಟ್ಕೋಪರ್. ಮೆಟ್ರೋ ಹಿಡಿಯುವವರ ದಂಡು.
ಅವಳು ಹಾರಿ ಇಳಿದಳು, ಸೊಗಸಾಗಿ ಬೈದಳು,
ದಂಡು ಕರಗಿದ ಮೇಲೆ
ಪ್ಲಾಟ್‌ಫಾರ್ಮಿನಲ್ಲಿ ನಿಂತು, ಯಾರದೋ ಗಾಡಿಯೆಂಬಂತೆ
ನಮ್ಮ ಗಾಡಿಯನ್ನು ನೋಡಿದಳು.

ನಾನು ಕಂಬಕ್ಕೆ ಆತು ಬಾಗಿಲಿಗೆ ಅಡ್ಡ ನಿಂತೆ.
ಒಂದು ಕೈ ಅವಳತ್ತ.
ಹಿಂದಿನಿಂದ ಮೊಳಕೈಗಳು:
ಪುಢೇ ಚಲಾ, ಪುಢೇ ಚಲಾ.
ನಾನು ಸರಿಯಲಿಲ್ಲ.