ತುಳುವ ಹಲಸಿನ ಡಬ್ಬ

ಮಂಜೇಶ್ವರ ಎಂಬ ಹೆಸರು ಬಂದದ್ದೇ
ಸೆವ್ರಿನ್ ಬಾಯಿಯ ಫ್ರೀಜರಿನಿಂದ
ಎಂದು ನಂಬಿದ್ದೆವು ನಾವು, ಎರಡನೇ ಕ್ಲಾಸಿನವರೆಗೆ.

ರೈಲುಗೇಟಿನ ಪಕ್ಕ ಅಂಗಡಿ.
ಬೋರ್ಡಿನಲ್ಲಿ ಮೂರು ಲಿಪಿ,
ಕನ್ನಡದ್ದರಲ್ಲಿ ಒಂದು ದೀರ್ಘ ಕಡಿಮೆ.
ಕುಂಞಂಬು ಗೇಟು ಇಳಿಸಿದರೆ
ಆಟೊದವರು ಇಂಜಿನ್ ಆರಿಸಿ
ಐಸ್‌ಕ್ಯಾಂಡಿಗೆ ಕೈ ಚಾಚುವರು;
ಗೂಡ್ಸು ಉದ್ದವಿದ್ದಷ್ಟೂ ಬಾಯಿಗೆ ಲಾಭ.

ಲಾಭ ಎಂದೆನೆ?
ಕೆಳಗಿನ ಫ್ರಿಡ್ಜಿನಲ್ಲಿ ಬೀಫಾತುಮ್ಮನ ಇನ್ಸುಲಿನ್,
ದೇರಣ್ಣನ ಮಗಳ ಮದುವೆಗೆ ಎರಡು ಅಟ್ಟೆ ಮಲ್ಲಿಗೆ,
ಗೋಡೆಯ ಮೊಳೆಯಲ್ಲಿ ಅರ್ಧ ಕೇರಿಯ ಬೀಗದ ಕೈ.
ಸಾಲದ ಪುಸ್ತಕ ಕೊಂಕಣಿಯಲ್ಲಿ, ಕನ್ನಡ ಅಕ್ಷರದಲ್ಲಿ;
ಸಾಲಗಾರರಿಗೆ ಓದಲು ಬರುತ್ತದೆ, ಅರ್ಥವಾಗುವುದಿಲ್ಲ.
ಅದೇ ಒಳ್ಳೆಯದು, ಎನ್ನುವಳು.

ಯಾರು ಹಣ್ಣು ತಂದರೂ ಕಡೆಯುವಳು.
ಸ್ಲೇಟಿನಲ್ಲಿ ರುಚಿಯ ಹೆಸರಿಲ್ಲ, ಮನೆಯ ಹೆಸರು:
‘ಇಂದು, ಪೋಸ್ಟ್‌ಮ್ಯಾನ್ ಮನೆ ಪೇರಳೆ.’
‘ನಾಳೆ, ಐಸಮ್ಮನ ಪುನರ್ಪುಳಿ. ಹುಳಿ ಜಾಸ್ತಿ. ಮಕ್ಕಳು ಹಟ ಮಾಡಬೇಡಿ.’

ಹೈವೇ ಅಗಲವಾದ ವರ್ಷ
ಸುಂದರಿಯಕ್ಕನ ಹಲಸು ಹೋಯಿತು.
ತುಳುವ ಹಲಸು; ಕೈಯಲ್ಲಿ ನಿಲ್ಲದ್ದು,
ಗಂಟಲಿಗೆ ತಾನೇ ದಾರಿ ಗೊತ್ತಿದ್ದದ್ದು.
ಯಂತ್ರ ಬರುವ ಮೊದಲು ಇಳಿಸಿದ ಹದಿನಾಲ್ಕು ಹಣ್ಣನ್ನು
ಬಾಯಿಯ ಅಂಗಳದಲ್ಲಿ ರಾತ್ರಿಯಿಡೀ ಬಿಡಿಸಿದೆವು.
ಕೈಗೆ ಎಣ್ಣೆ, ಕತ್ತಿಗೆ ಎಣ್ಣೆ;
ಮಾತಿಗೆ ಮಾತ್ರ ಎಣ್ಣೆ ಸಾಲದೆ
ಪರಿಹಾರದ ದುಡ್ಡಿನ ಬಳಿ ಬಂದು ಅಂಟಿ ನಿಂತಿತು.

ಎಲ್ಲ ಮಾರಿಹೋಯಿತು. ತಳದಲ್ಲಿ ಒಂದು ಡಬ್ಬ ಉಳಿಯಿತು.
ಉಳಿಯಿತೋ, ಉಳಿಸಿದಳೋ.

ಮರುವರ್ಷ ಹಲಸಿನ ಹೊತ್ತಿಗೆ
ಸ್ಲೇಟಿನಲ್ಲಿ: ‘ಇಂದು, ಸುಂದರಿಯ ಮನೆ.’
ಅಷ್ಟೇ. ಸಾಲು ಹಳಿಯ ತನಕ ಬೆಳೆಯಿತು.
ತಲೆಗೊಂದು ಚಮಚ. ದುಡ್ಡು ಬೇಡ.

ನಿಜ ಹೇಳುವೆ: ಐಸು ಹಿಡಿದಿತ್ತು,
ನಾಲಿಗೆಗೆ ಹರಳು ಹರಳು, ಪರಿಮಳ ಅರ್ಧ.
ನಾವ್ಯಾರೂ ಹೇಳಲಿಲ್ಲ. ಸುಂದರಿಯಕ್ಕನೇ ಹೇಳಿದಳು,
ಚಮಚ ನೆಕ್ಕುತ್ತ:
“ಸಕ್ಕರೆ ಹೆಚ್ಚಾಯಿತು ಬಾಯಮ್ಮ,
ನಮ್ಮ ಮರಕ್ಕೆ ಅದು ಬೇಕಿರಲಿಲ್ಲ.”

“ಬೀಜ ಎಲ್ಲಿ?” ಎಂದ ಕುಂಞಂಬುವಿನ ಮೊಮ್ಮಗ.
ಒಬ್ಬರ ಮುಖ ಒಬ್ಬರು ನೋಡಿದೆವು.
ಬೀಜವೆ?
ಕಳೆದ ವರ್ಷವೇ ಸೌತೆಯ ಜತೆ ಬೇಯಿಸಿ
ಒಳ್ಳೆಯದಾಗಿದೆ ಎಂದು ಇನ್ನೊಮ್ಮೆ ಬಡಿಸಿಕೊಂಡಿದ್ದೆವು.

ರೈಲು ದಾಟಿತು.
ಗೇಟು ಎತ್ತಲು ಕುಂಞಂಬು ಓಡಿದ,
ಚಮಚ ಇನ್ನೂ ಬಾಯಲ್ಲೇ.