ಲೋ ವೋಲ್ಟೇಜಿನ ಮಾರ್ವಾ

ಗುಜರಿ ಖಲೀಲ್ ಸಾಬರು ತೂಕ ಮಾಡಿಯೇ ಕೊಟ್ಟರು
ಇಪ್ಪತ್ತಮೂರು ಕ್ಯಾಸೆಟ್ಟು, ಎರಡು ಕೇಜಿಗೆ ತುಸು ಕಮ್ಮಿ.
"ಒಳಗೇನಿದೆಯೋ ನನಗೆ ಗೊತ್ತಿಲ್ಲ, ಹೊರಗೆ ಪ್ಲಾಸ್ಟಿಕ್ಕು.
ಪ್ಲಾಸ್ಟಿಕ್ಕಿನ ರೇಟೇ ಕೊಡಿ" ಅಂದರು.
ಒಂದು ಅರ್ಧಕ್ಕೇ ಸಿನಿಮಾ ಹಾಡಾಗುತ್ತದೆ.
ಇನ್ನೊಂದರ ತುಂಬ ಬರೀ ಶ್ರುತಿ ಕೂಡಿಸುವ ಸದ್ದು.
ಮತ್ತೊಂದರಲ್ಲಿ ಮಗುವೊಂದು ಮಗ್ಗಿ ಹೇಳಿದೆ,
ಹದಿಮೂರರ ಬಳಿ ತಪ್ಪಿದೆ.
ತಳದಲ್ಲಿದ್ದದ್ದು ಪದ್ಮಾಬಾಯಿ ಕೊಣ್ಣೂರ.
ನೇರಳೆ ಶಾಯಿಯಲ್ಲಿ ಯಾರದೋ ಓರೆ ಅಕ್ಷರ:
ಮಾರ್ವಾ. ಶಿವಮೊಗ್ಗ. ಮಾರ್ಚ್ ೭೩. ಸ್ಪೂಲಿನಿಂದ ನಕಲು.

ನಾನು ಲೈನ್‌ಮನ್. ಕಂಬ ಹತ್ತುವವನಿಗೆ
ಖಯಾಲು ಹತ್ತಿದ್ದು ಹೇಗೆಂದು ಆಫೀಸಿನಲ್ಲಿ ನಗುತ್ತಾರೆ.
ಟ್ರಾನ್ಸ್‌ಫಾರ್ಮರ್ ಕೆಳಗೆ
ಇಪ್ಪತ್ತು ವರ್ಷ ನಿಂತ ಕಿವಿಗೆ
ಒಂದೇ ಸ್ವರ ಹಿಡಿದು ನಿಲ್ಲುವವರ ಮೇಲೆ
ಗೌರವ ಬಂದುಬಿಡುತ್ತದೆ.

ವಿನೋಬನಗರದ ಮನೆ, ಪಾಳಿ ಇಲ್ಲದ ಸಂಜೆ.
ಕಾಲು ತೊಳೆದು ಬಂದು ಗುಂಡಿ ಒತ್ತುತ್ತೇನೆ.
ಮೊದಲು ಕೇಳುವುದು ಆಕೆಯಲ್ಲ, ತಂಬೂರಿಯೂ ಅಲ್ಲ,
ನಮ್ಮ ಕರೆಂಟು.
ಗುಂಯ್ ಎನ್ನುವ ಐವತ್ತು ಸೈಕಲ್ಲಿನ ಹಳೇ ಗುನುಗು.
ಆಕೆಯ ಷಡ್ಜ ಬಿಳಿ ಒಂದು. ಹಾರ್ಮೋನಿಯಂ ಹಿಡಿದು ನೋಡಿದ್ದೇನೆ:
ಗುನುಗು ನಿಂತದ್ದು ಪಂಚಮದಲ್ಲಿ, ಕೂದಲೆಳೆ ಮೇಲೆ.
ಮಾರ್ವಾಕ್ಕೆ ಪಂಚಮ ವರ್ಜ್ಯ.
ಆಕೆ ಮುಟ್ಟದ ಸ್ವರವನ್ನು ಇಲಾಖೆ
ಕಛೇರಿ ಪೂರ್ತಿ ಬಿಟ್ಟಿಯಾಗಿ ಬಡಿಸಿದೆ.

ಬಿ ಬದಿಯಲ್ಲಿ, ಒಂಬತ್ತನೇ ನಿಮಿಷದ ಆಚೆ,
ಕೋಮಲ ರಿಷಭದ ಮೇಲೆ ಆಕೆ ಕೂತಿರುವಾಗ,
ಷಡ್ಜಕ್ಕೆ ಇಳಿಯದೆ, ಬಾಗಿಲಲ್ಲಿ ಚಪ್ಪಲಿ ಬಿಟ್ಟೂ
ಒಳಗೆ ಬಾರದ ನೆಂಟರ ಹಾಗೆ,
ಶ್ರುತಿ ಏರತೊಡಗುತ್ತದೆ.
ಮೆಲ್ಲಗೆ. ಉಕ್ಕುವ ಮೊದಲು ಹಾಲು ಕೆನೆಯನ್ನು ಎತ್ತಿಕೊಳ್ಳುವ ಹಾಗೆ.
ಮುಕ್ಕಾಲು ಸ್ವರ ಏರಿ, ಅಲ್ಲೇ ನಿಂತು, ಮತ್ತೆ ಇಳಿಯುತ್ತದೆ.

ಥೂ, ಬಾಯಿಯವರು ತಪ್ಪಿದರು ಅಂದುಕೊಂಡೆ ಮೊದಲ ಸಲ.
ಎರಡನೇ ಸಲ ಬೈದದ್ದು ನನ್ನ ಡಬ್ಬವನ್ನು.
ಗಾಂಧಿ ಬಜಾರಿನಿಂದ ಹೊಸ ಬೆಲ್ಟು ತಂದೆ, ಹೆಡ್ಡಿಗೆ ಸ್ಪಿರಿಟ್ಟು ಸವರಿದೆ,
ಪಕ್ಕದ ಮನೆ ಫಿಲೋಮಿನಾ ಟೀಚರ ಟೇಪಿನಲ್ಲಿ ಹಾಕಿಸಿದೆ.
ಅದೇ ಜಾಗ, ಅದೇ ಏರು.
ಆಮೇಲೊಂದು ರಾತ್ರಿ ಹಾಡು ಬಿಟ್ಟು ಗುನುಗಿಗೆ ಕಿವಿ ಕೊಟ್ಟೆ.
ಅದೂ ಏರುತ್ತಿತ್ತು.
ತಬಲಾ ಏರುತ್ತಿತ್ತು. ಯಾರದೋ ಕೆಮ್ಮೂ ತೆಳ್ಳಗಾಗಿತ್ತು.

ಅಲ್ಲಿ ವೋಲ್ಟೇಜು ಬಿದ್ದಿದೆ. ಸ್ಪೂಲು ಸುಸ್ತಾಗಿ ಸುತ್ತಿದೆ.
ನಿಧಾನ ಹಿಡಿದದ್ದನ್ನು ಸರಿವೇಗದಲ್ಲಿ ಬಿಟ್ಟರೆ
ಅಲ್ಲಿ ಇಳಿದಷ್ಟೂ ಇಲ್ಲಿ ಏರು.

ನಿವೃತ್ತ ಮೇಸ್ತ್ರಿ ಹುಚ್ಚರಾಯಪ್ಪನವರನ್ನು ಕೇಳಿದೆ.
"ಎಪ್ಪತ್ಮೂರಾ? ಏಳು ಗಂಟೆಗೆ ಅಕ್ಕಿ ಗಿರಣಿಯೋರು
ಒಟ್ಟಿಗೇ ಸ್ವಿಚ್ ಹಾಕಿದ್ರೆ ಬಲ್ಬು ಗುಲಗಂಜಿ ಆಗ್ತಿತ್ತು ಕಣಯ್ಯ."
ಸುಳ್ಳೋ ನಿಜವೋ, ಅವರ ಲಾಗ್‌ಬುಕ್ಕು ಅವರ ತಲೆಯಲ್ಲಿದೆ.

ಹಾಗಾದರೆ ಆ ಕೋಣೆಯಲ್ಲಿ ಕೂತಿದ್ದವರು
ಇದನ್ನು ಕೇಳಲೇ ಇಲ್ಲ.
ಅವರಿಗೆ ದೀಪ ಕೆಂಪಾಯಿತು, ಅಷ್ಟೆ; ರಿಷಭ ಕದಲಲಿಲ್ಲ.
ಆಕೆ ಹಾಡದ ಈ ಏರು
ಐವತ್ತು ವರ್ಷ ಎಲ್ಲೆಲ್ಲೋ ಕೂತು
ಕೇಜಿ ಲೆಕ್ಕದಲ್ಲಿ ನನ್ನ ಮನೆಗೆ ಬಂದಿದೆ.

ಕಂಪ್ಯೂಟರಿಗೆ ಹಾಕಿ ಸರಿ ಮಾಡಿಸಬಹುದಂತೆ.
ದುರ್ಗಿಗುಡಿಯ ಸ್ಟುಡಿಯೋ ಹುಡುಗ ಹೇಳಿದ, ಅರ್ಧ ಗಂಟೆ ಕೆಲಸ,
ಗುನುಗೂ ತೆಗೀತೀನಿ ಸಾರ್.
ತೆಗೆದ. ಕೊಟ್ಟ. ಸ್ವಚ್ಛ.
ಫೀಡರ್ ಟ್ರಿಪ್ ಆದ ಬಡಾವಣೆಯ ಹಾಗೆ.

ಇವತ್ತು ಚೌಡೇಶ್ವರಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು.
ರಾಗದ ಹೆಸರು ಕೇಳಿದವಳಲ್ಲ, ನಾನೂ ಹೇಳಿದವನಲ್ಲ.
ಹಳೇ ಕ್ಯಾಸೆಟ್ಟು. ಬಿ ಬದಿ. ಒಂಬತ್ತು ದಾಟಿತು.
ಅವಳ ಕೈ ನಿಂತಿತು.
"ಅಲ್ಲಿ ಮೇಲೆ ಹೋಗ್ತಾಳಲ್ಲ, ಅಷ್ಟು ಮಾತ್ರ
ಇನ್ನೊಂದ್ಸಲ ಹಾಕ್ರಿ."

ಹಿಂದಕ್ಕೆ ಸುತ್ತುತ್ತಿದ್ದೇನೆ. ಫೋನು ಬಡಿದುಕೊಳ್ಳುತ್ತಿದೆ:
ಗೋಪಾಳದ ಮೂರನೇ ಕ್ರಾಸು, ಲೋ ವೋಲ್ಟೇಜು.
ಹೊರಟೆ ಎಂದೆ. ಹೊರಟಿಲ್ಲ.