ಏಳನೇ ಕಾಲಂ

ಹನ್ನೆರಡು ಸೆಕೆಂಡಿನಲ್ಲಿ ಇಳಿದು ಬಂತು ಪುರಸಭೆಯ ಕಡತ:
ವಾಲ್ಪರೈಸೊದ ಗುಡ್ಡಗಳ ಮೇಲೆ
ಬೆಂಕಿ ನಂದಿಸುವ ನಲ್ಲಿಗಳು, ಒಂಬೈನೂರ ಮೂರು.
ಯಾರೂ ಕೇಳಲಿಲ್ಲ ನಮ್ಮ ಹೆಸರು, ಗುರುತಿನ ಚೀಟಿ.
ಮೇಲೆ ದಪ್ಪ ಅಕ್ಷರ: ಮುಕ್ತ ದತ್ತಾಂಶ.

ಮುಕ್ತ ಅಂದರೆ? ಎಂದಳು ಯಾಸ್ನಾ, ಕನ್ನಡಕ ಹಣೆಗೇರಿಸಿ.
ಬಾಗಿಲು ತೆರೆದಿದೆ ಅಂದರೆ
ಒಳಗೆ ಬಾ ಅಂದ ಹಾಗಾಯಿತೇ?
ಬಂದವರು ಕುರ್ಚಿ ಹೊತ್ತೊಯ್ಯಬಹುದು ಅಂತಲೇ?

ನಿಬಾಲ್ದೊ ಹಗಲು ಬೀಗದ ಕೈ ಮಾಡುವವನು,
ಸೈರನ್ ಕೂಗಿದರೆ ಸಂಬಳವಿಲ್ಲದ ಅಗ್ನಿಶಾಮಕ.
ಬೆಂಕಿ ಬಂದು ನಿನ್ನ ಪರವಾನಗಿ ಓದುತ್ತದಾ? ಎಂದ.
ಮೇಜಿನ ಸುತ್ತ ಯಾರಿಗೂ ಉತ್ತರ ಹೊಳೆಯಲಿಲ್ಲ.
ಹೊರಗೆ ಜನವರಿ.
ನೀಲಗಿರಿ ಎಲೆ ಹಪ್ಪಳದಂತೆ ಮುರಿಯುತ್ತಿತ್ತು.

ಯಾಸ್ನಾ ಹಳೆಯದೊಂದು ತೆಗೆದಳು:
ನಾಲ್ಕು ವರ್ಷದ ಕೆಳಗೆ ಹೀಗೇ ತಂದು ಸುರಿದೆವಲ್ಲ
ಬಸ್ ನಿಲ್ದಾಣಗಳನ್ನು,
ಆಮೇಲೆ ಒಂದು ಪತ್ರ. ಬಹಳ ಸಭ್ಯ ಪತ್ರ.
ಒಂದೇ ರಾತ್ರಿ ಎಲ್ಲ ಅಳಿಸಿದೆವು.
ಹೆಣಿಗೆಯ ಒಂದೆಳೆ ಹಿಡಿದೆಳೆದ ಹಾಗೆ
ಅದರ ಜೊತೆಗೇ ಬಿಚ್ಚಿ ಹೋಯಿತು
ಹೊರ್ತೆನ್ಸಿಯಾ ಅತ್ತೆ ಮೊಣಕಾಲು ನೋವಿನಲ್ಲಿ
ನಡೆದು ನೋಡಿ ಸೇರಿಸಿದ್ದ ನೆರಳಿನ ಬೆಂಚು,
ಕುರುಡರ ಕೋಲಿಗೆ ಸಿಗುವ ಅಂಚು.
ಅತ್ತೆ ಮತ್ತೆ ಏನನ್ನೂ ಸೇರಿಸಲಿಲ್ಲ.

ಬರೆದೆವು:
ಮಾನ್ಯರೇ, ನಿಮ್ಮ ಪಟ್ಟಿ ಎಲ್ಲರ ನಕ್ಷೆಗೆ ಬರಬಹುದೇ?
ಆ ನಕ್ಷೆಯನ್ನು ನಾಳೆ ಯಾರೋ ಮಾರಲೂಬಹುದು,
ಅದಕ್ಕೂ ಒಪ್ಪಿಗೆಯೇ? ನಿಮ್ಮ ಹೆಸರು ಎಲ್ಲಿ ಹಾಕಲಿ?
ಮೂರು ಪ್ರಶ್ನೆ. ಹನ್ನೊಂದು ವಾರ.
ನಡುವೆ ಎರಡು ಸಲ ಸೈರನ್ ಕೂಗಿತು.
ಎರಡು ಸಲವೂ ನನ್ನ ಬೆರಳು ಆ ಗುಂಡಿಯ ಮೇಲೇ ಇತ್ತು.
ಒತ್ತಲಿಲ್ಲ.
ಇದು ನಿಯತ್ತೋ ಹೇಡಿತನವೋ
ಈಗಲೂ ನನಗೆ ಬಗೆಹರಿದಿಲ್ಲ.

ಕೊನೆಗೆ ಉತ್ತರ, ದಾಖಲೆ ವಿಭಾಗದ ಎಲಿಸೆಯೊ ಎಂಬವರದು:
ಎಲ್ಲವೂ ನಿಮ್ಮದೇ, ಸಂತೋಷದಿಂದ,
ಏಳನೇ ಕಾಲಂ ಒಂದನ್ನು ಬಿಟ್ಟು.
ಅದು ಅಳತೆ ಕಂಪನಿಯಿಂದ ನಾವು ಬಾಡಿಗೆಗೆ ತಂದದ್ದು.
ನಮ್ಮದಲ್ಲದ್ದನ್ನು ಧಾರೆ ಎರೆಯಲು ಬರುವುದಿಲ್ಲ.

ಏಳನೇ ಕಾಲಂನಲ್ಲಿ ಇದ್ದದ್ದು
ಅಕ್ಷಾಂಶ, ಒಂದು ಅಲ್ಪವಿರಾಮ, ರೇಖಾಂಶ.

ಹೀಗೆ ನಮಗೆ ದಕ್ಕಿದವು ಒಂಬೈನೂರ ಮೂರು ನಲ್ಲಿ:
ಸಂಖ್ಯೆ, ಕೊಳವೆಯ ಅಗಲ, ಬೀದಿಯ ಹೆಸರು.
ಬೀದಿಯಲ್ಲಿ ಎಲ್ಲಿ, ಅದೊಂದು ಬಿಟ್ಟು.
ಮೊದಲು ನಕ್ಕವನು ನಿಬಾಲ್ದೊ.
ಮರುದಿನ ಬೂಟು ಹಾಕಿಕೊಂಡು ಬಂದವನೂ ಅವನೇ.

ಈಗ ಭಾನುವಾರಗಳು ಮೆಟ್ಟಿಲಿಗೆ ಮುಡಿಪು.
ಕಣ್ಣಾರೆ ಕಂಡದ್ದಕ್ಕೆ ಯಾರ ರುಜುವೂ ಬೇಡ.
ಪಟ್ಟಿಯಲ್ಲಿ ‘ಸುಸ್ಥಿತಿ’ ಎಂದಿದ್ದ ಮುನ್ನೂರ ಹದಿನಾರು
ಸಿಕ್ಕಿದ್ದು ಕುತ್ತಿಗೆವರೆಗೆ ಸಿಮೆಂಟಿನಲ್ಲಿ ಹೂತು,
ತಲೆಯ ಮೇಲೆ ಜೆರೇನಿಯಂ ಕುಂಡ ಹೊತ್ತು.
ನಿಬಾಲ್ದೊ ಕುಂಡ ಇಳಿಸಿ, ಬಹಳ ಹೊತ್ತು
ಏನೂ ಮಾತಾಡದೆ ಅದನ್ನೇ ನೋಡಿದ.

ಹಳದಿ ತಗಡಿನ ಮನೆಯ ಕಿಟಕಿಯಿಂದ ಅತ್ತೆ ಕೂಗಿದರು:
ಬೇಕರಿಯ ಹಿಂದೆ ಒಂದಿದೆ ಕಣ್ರೋ,
ನಿಮ್ಮ ಸರ್ಕಾರಕ್ಕೆ ಗೊತ್ತಿಲ್ಲದ್ದು. ಬರೆದುಕೊಳ್ಳಿ.
ಪೆನ್ನು ತೆಗೆದೆ.
ಅವರು ಕದ ಅರ್ಧ ಮುಚ್ಚಿ ಮತ್ತೆ ತೆರೆದರು:
ಈ ಸಲ ಅಳಿಸುವುದಿಲ್ಲ ತಾನೇ?